ಮಾವನವರ ಹೆರಾಲ್ಡಿಗೆ ಎಷ್ಟು ಅಗಲದ ಟೈರು?

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತುಗಳ ಬರಹರೂಪ)

ಹಾಡು ಹಾಕುವ ಮೊದಲು ಇವತ್ತು ಒಂದಿಷ್ಟು ಹೊತ್ತು ಟೈರಿನ ವಿಷಯ ಮಾತಾಡೋಣ ಅಂತ. ನಗಬೇಡಿ. ನಾನು ಕನ್ನಡ ಬಿ.ಎ. ಓದಿದವಳು, ಕಾಲೇಜಿನಲ್ಲಿ ಷಟ್ಪದಿಯ ಮಾತ್ರೆ ಎಣಿಸಿದವಳು. ಟೈರಿನ ಮಿಲಿಮೀಟರ್ ಎಣಿಸುವ ಪ್ರಸಂಗ ಬಂದದ್ದು ಈಚೆಗೆ, ಮನೆಯಲ್ಲಿ ನಡೆದ ಒಂದು ಜಗಳದಿಂದ.

ನಮ್ಮ ಮಾವನವರು ಒಂದು ಕಾರು ಬಿಟ್ಟು ಹೋಗಿದ್ದಾರೆ. 1966ರ ಸ್ಟ್ಯಾಂಡರ್ಡ್ ಹೆರಾಲ್ಡ್, ಎರಡು ಬಾಗಿಲಿನದು. ಪಶ್ಚಿಮ ಮಾಂಬಲದ ನಮ್ಮ ಮನೆಯ ಪಕ್ಕದ ಶೆಡ್ಡಿನಲ್ಲಿ ಎರಡು ವರ್ಷದಿಂದ ಬಟ್ಟೆ ಹೊದ್ದು ಮಲಗಿತ್ತು. ಮೈದುನ ಅದನ್ನು ಹೊರಗೆ ತೆಗೆದ, ಕಾರ್ಬೊರೇಟರ್ ಬಿಚ್ಚಿಸಿದ, ಬ್ರೇಕಿನ ರಬ್ಬರುಗಳನ್ನೆಲ್ಲ ಹೊಸದು ಹಾಕಿಸಿದ. ಕಡೆಗೆ ಟೈರಿನ ಸರದಿ ಬಂತು. "ಅತ್ತಿಗೆ, 175 ಹಾಕಿಸ್ತೀನಿ. ನೋಡೋಕೂ ಚೆನ್ನ, ರೋಡ್ ಗ್ರಿಪ್ಪೂ ಬರುತ್ತೆ" ಅಂದ. ಅಂಗಡಿಯವರೂ ಹೂಂ ಅಂದಿದ್ದರು. ಬೇಡ ಅಂದವನು ಒಬ್ಬನೇ, ಮಾವನವರ ಕಾಲದಿಂದ ಆ ಕಾರನ್ನು ನೋಡಿಕೊಂಡು ಬಂದ ಮೆಕ್ಯಾನಿಕ್. ಆತ "ವೇಂಡಾಮ್ಮಾ" ಅಂತ ನನ್ನ ಕಡೆ ನೋಡಿದ. ಯಾಕೆ ಬೇಡ ಅಂತ ಕೇಳುತ್ತಾ ಹೋದೆ, ಓದುತ್ತಾ ಹೋದೆ. ನಿಮ್ಮ ಮನೆಯಲ್ಲೂ ಹಳೆಯ ಕಾರು ಇದ್ದರೆ, ಅಥವಾ ಇಂಥದ್ದೊಂದನ್ನು ಕೊಳ್ಳುವ ಆಸೆ ಇದ್ದರೆ, ಸ್ವಲ್ಪ ಕಿವಿಗೊಡಿ.

ಮೊದಲು ಹೆರಾಲ್ಡ್ ಅಂದರೇನು ಅಂತ, ನನ್ನ ವಯಸ್ಸಿನವರಿಗಾಗಿ. ನಮ್ಮ ವಂಡಲೂರಿನ ಹತ್ತಿರ, ಈಗ ಮೃಗಾಲಯ ನೋಡೋಕೆ ಹೋಗುತ್ತೀರಲ್ಲ, ಆ ಕಡೆ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಾರ್ಖಾನೆ ಇತ್ತು. ಇಂಗ್ಲೆಂಡಿನಲ್ಲಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡನ್ನು ಇಲ್ಲಿ 1961ರಿಂದ ಸ್ಟ್ಯಾಂಡರ್ಡ್ ಹೆಸರಿನಲ್ಲಿ ತಯಾರಿಸಿದರು. ರೂಪ ಕೊಟ್ಟವನು ಇಟಲಿಯ ಮೈಕೆಲೋಟ್ಟಿ. 948 ಸಿ.ಸಿ. ಎಂಜಿನ್. ಬಾನೆಟ್ಟು ಮಡ್‌ಗಾರ್ಡಿನ ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ, ಮೊಸಳೆ ಬಾಯಿ ತೆರೆದ ಹಾಗೆ. ಅಂಬಾಸಡರ್, ಫಿಯೆಟ್ ಮಾತ್ರ ಕಾಣುತ್ತಿದ್ದ ಕಾಲದಲ್ಲಿ ಇದು ಹುಡುಗರ ಕನಸಿನ ಕಾರು. ಪೂರ್ತಿ ಸ್ಪೋರ್ಟ್ಸ್ ಕಾರು ಅನ್ನೋಕಾಗದು, ಒಪ್ಪುತ್ತೇನೆ. ಆದರೆ 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ನಿಜವಾದ ಸ್ಪೋರ್ಟ್ಸ್ ಕಾರು ಇದರ ಒಡಹುಟ್ಟು, ಹಿಂಬದಿಯ ಚಕ್ರಗಳ ಏರ್ಪಾಡು ಎರಡರಲ್ಲೂ ಒಂದೇ. ಹಾಗಾಗಿ ಇಲ್ಲಿ ಹೇಳೋದು ಅದಕ್ಕೂ ಸಲ್ಲುತ್ತದೆ.

ಟೈರಿನ ಊರೂ ಇದೇ ನೋಡಿ. ಎಂ.ಆರ್.ಎಫ್. ಕಂಪನಿ 1946ರಲ್ಲಿ ತಿರುವೊತ್ತಿಯೂರಿನ ಒಂದು ಶೆಡ್ಡಿನಲ್ಲಿ ಮಕ್ಕಳ ಬಲೂನು ಮಾಡುತ್ತಾ ಶುರುವಾದದ್ದು. ಟೈರಿಗೆ ಕೈಹಾಕಿದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಮ್ಯಾನ್ಸ್‌ಫೀಲ್ಡ್ ಕಂಪನಿಯ ಜೊತೆಗೂಡಿ. ಕಾರೂ ಟೈರೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಮದರಾಸಿನವೇ ಆದವು.

ಈಗ ಜಗಳಕ್ಕೆ ಬರೋಣ.

ಹೆರಾಲ್ಡಿನ ಮೂಲ ಟೈರಿನ ಅಳತೆ 5.20-13. ಟೈರಿನ ಅಗಲ 5.20 ಇಂಚು, ರಿಮ್ಮಿನ ವ್ಯಾಸ 13 ಇಂಚು ಅಂತ. ಮಿಲಿಮೀಟರಿಗೆ ತಂದರೆ ಅಗಲ ಸುಮಾರು 132. ಅದು ಹಳೆಯ ಕಾಲದ ಕ್ರಾಸ್‌ಪ್ಲೈ ಟೈರು. ರಿಮ್ಮಿನ ಅಗಲ ಬರೀ ಮೂರೂವರೆ ಇಂಚು. ನಮ್ಮದನ್ನು ಅಳೆದು ನೋಡಿದೆ, ಅಷ್ಟೇ ಇದೆ. ನೀವೂ ಅಳೆಯಿರಿ, ಅರವತ್ತು ವರ್ಷದಲ್ಲಿ ಯಾರು ಯಾವ ಚಕ್ರ ಬದಲಿಸಿದ್ದಾರೋ ಯಾರಿಗೆ ಗೊತ್ತು. ಟೈರು ಬಿಚ್ಚಿದಾಗ ರಿಮ್ಮಿನ ಒಳಗಡೆ, ಈ ಅಂಚಿನಿಂದ ಆ ಅಂಚಿಗೆ ಅಳೆಯಬೇಕು, ಹೊರಗಿನಿಂದ ಅಲ್ಲ.

175/70 ಆರ್ 13 ಟೈರು ಕೂರಬೇಕಾದರೆ ರಿಮ್ಮು ನಾಲ್ಕೂವರೆ ಇಂಚಿಗಿಂತ ಕಡಿಮೆ ಇರಬಾರದು. ಮೂರೂವರೆ ಇಂಚಿನ ರಿಮ್ಮಿಗೆ ಒತ್ತಿ ತುರುಕಿದರೆ ಕೂರುತ್ತದೆ, ಅದೇ ತೊಂದರೆ. ಬುಡದಲ್ಲಿ ಹಿಡಿದು ಹಿಂಡಿದ ಬಲೂನಿನ ಹಾಗೆ ಪಕ್ಕಗಳು ಉಬ್ಬುತ್ತವೆ, ರಸ್ತೆಗೆ ತಾಗುವ ಭಾಗ ಗುಂಡಗಾಗುತ್ತದೆ. ಅಗಲಕ್ಕೆ ದುಡ್ಡು ಕೊಟ್ಟಿರುತ್ತೀರಿ, ಸವೆಯುವುದು ನಡುವಿನ ಪಟ್ಟಿ ಮಾತ್ರ. ಸ್ಟೀರಿಂಗ್ ತಿರುಗಿಸಿದಾಗ ಮೊದಲು ಟೈರಿನ ಹೊಟ್ಟೆ ವಾಲುತ್ತದೆ, ಆಮೇಲೆ ಕಾರು ತಿರುಗುತ್ತದೆ. ಹೆರಾಲ್ಡಿನ ಇನ್ನೊಂದು ಸೊಗಸು ನಿಮಗೆ ಗೊತ್ತಿರಬಹುದು, 25 ಅಡಿಯ ವೃತ್ತದಲ್ಲಿ ಪೂರ್ತಿ ತಿರುಗಿಬಿಡುತ್ತದೆ. ಮಾಂಬಲದ ಸಂದಿಗಳಲ್ಲಿ ಅದು ಚಿನ್ನದಂಥ ಗುಣ. ಮುಂದಿನ ಚಕ್ರ ಅಷ್ಟು ಮುರಿದು ತಿರುಗುವಾಗ ದಪ್ಪ ಟೈರು ಒಳಗೆಲ್ಲೋ ಉಜ್ಜುತ್ತದೆ. ಪವರ್ ಸ್ಟೀರಿಂಗ್ ಬೇರೆ ಇಲ್ಲ, ತೋಳು ನೋಯುತ್ತದೆ.

"ಹಾಗಾದರೆ ಅಗಲದ ರಿಮ್ಮೂ ಹಾಕಿಸೋಣ" ಅಂದ ಮೈದುನ. ಇಲ್ಲಿಯವರೆಗಿನದ್ದೆಲ್ಲ ದುಡ್ಡಿನಿಂದ ಸರಿಹೋಗುವ ವಿಷಯ, ಅವನ ಮಾತು ತಪ್ಪಲ್ಲ. ಮುಂದಿನದ್ದು ಹಾಗಲ್ಲ.

ನಮ್ಮ ಅತ್ತೆಯವರು ಉಡುಪಿ ಕಡೆಯವರು, ಮದುವೆಯಾಗಿ ಇಲ್ಲಿಗೆ ಬಂದವರು. 1987ರಿಂದ ಈಚೆಗೆ ಅವರು ಈ ಕಾರು ಹತ್ತಿಲ್ಲ. ಆ ವರ್ಷ ಮಳೆಗಾಲದಲ್ಲಿ ತಿರುಪತಿಯಿಂದ ವಾಪಸ್ ಬರುವಾಗ, ತೊಡೆಯ ಮೇಲೆ ಎರಡು ವರ್ಷದ ಮಗು, ಅಂದರೆ ನನ್ನ ಯಜಮಾನರು. ಒಂದು ತಿರುವಿನ ನಡುವೆ ಎದುರಿಗೆ ಎತ್ತಿನ ಗಾಡಿ ಕಂಡು ಮಾವನವರು ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟು ಬ್ರೇಕು ಒತ್ತಿದರು. ಕಾರಿನ ಹಿಂಭಾಗ ಎದ್ದ ಹಾಗಾಯಿತಂತೆ, ಆಮೇಲೆ ಗಿರಕಿ. ನಿಂತಾಗ ಕಾರಿನ ಮುಖ ತಿರುಪತಿಯ ಕಡೆಗಿತ್ತು. ಯಾರಿಗೂ ಏನೂ ಆಗಲಿಲ್ಲ. ಅತ್ತೆ ಮಗುವನ್ನೆತ್ತಿಕೊಂಡು ಬಸ್ಸಿನಲ್ಲಿ ಮನೆಗೆ ಬಂದರು.

ಮೈದುನನ ವಾದ ಇದೇ: ಸಣಕಲು ಟೈರಿನಿಂದ ಹಾಗಾಯಿತು, ಅಗಲದ ಟೈರು ಹಿಡಿದುಕೊಳ್ಳುತ್ತಿತ್ತು. ನನಗೂ ಮೊದಲು ಸರಿ ಅನ್ನಿಸಿತ್ತು. ಮೆಕ್ಯಾನಿಕ್ ಹೇಳಿದ್ದು ನೇರ ಉಲ್ಟಾ. ಅದನ್ನು ನಿಮಗೆ ಹೇಗೆ ಕಾಣಿಸಲಿ? ರೇಡಿಯೋದಲ್ಲಿ ಚಿತ್ರ ತೋರಿಸೋಕಾಗದು. ಒಂದು ಕೆಲಸ ಮಾಡಿ. ಎದ್ದು ನಿಂತು ಎರಡೂ ಕೈಗಳನ್ನು ಪಕ್ಕಕ್ಕೆ ನೇರ ಚಾಚಿ. ಎರಡು ಅಂಗೈಗೂ ಒಂದೊಂದು ಊಟದ ತಟ್ಟೆ ಅಂಟಿಸಿದೆ, ತಟ್ಟೆ ನೆಟ್ಟಗೆ ನಿಂತಿದೆ ಅಂದುಕೊಳ್ಳಿ. ನಿಮ್ಮ ಭುಜವೇ ಕಾರಿನ ನಡುವಿನ ಡಿಫರೆನ್ಷಿಯಲ್, ತೋಳು ಆಕ್ಸಲ್, ತಟ್ಟೆ ಚಕ್ರ. ಹೆರಾಲ್ಡಿನಲ್ಲಿ ಮಡಿಚುವ ಕೀಲು ಇರುವುದು ಭುಜದಲ್ಲಿ ಮಾತ್ರ, ಮಣಿಕಟ್ಟಿನಲ್ಲಿ ಇಲ್ಲ. ಈಗ ತೋಳು ಸ್ವಲ್ಪ ಇಳಿಬಿಡಿ. ತಟ್ಟೆಗಳ ಬುಡ ನಿಮ್ಮ ಕಾಲಿನ ಕಡೆ ಒಳಗೆ ಸರಿಯಿತಲ್ಲವೇ? ಕಾರಿನ ಹಿಂಭಾಗ ಮೇಲೆದ್ದಾಗ ಚಕ್ರಕ್ಕೆ ಆಗುವುದು ಇದೇ. ಇದಕ್ಕೆ ಸ್ವಿಂಗ್ ಆಕ್ಸಲ್ ಅಂತ ಹೆಸರು.

ತಿರುವಿನಲ್ಲಿ ರಸ್ತೆ ಹೊರಗಡೆಯ ಟೈರನ್ನು ಒಳಕ್ಕೆ ತಳ್ಳುತ್ತದೆ. ಆ ತಳ್ಳಾಟವೇ ಕೀಲಿನ ಮೂಲಕ ಕಾರಿನ ಬೆನ್ನನ್ನು ಮೇಲಕ್ಕೆ ಎತ್ತುತ್ತದೆ. ಹಿಡಿತ ಹೆಚ್ಚಾದಷ್ಟೂ ತಳ್ಳುವ ಬಲ ಹೆಚ್ಚು, ಎತ್ತುವ ಬಲವೂ ಹೆಚ್ಚು. ಸಣ್ಣ ಟೈರಾದರೆ ಮೊದಲೇ ಕಿರುಚಿ ಜಾರಿ "ನಿಧಾನ" ಅಂತ ಹೇಳುತ್ತದೆ. ಅಗಲದ ಟೈರು ಇನ್ನಷ್ಟು ಹೊತ್ತು ಹಿಡಿದುಕೊಂಡಿರುತ್ತದೆ, ಅಷ್ಟರಲ್ಲಿ ಕಾರಿನ ಬೆನ್ನು ಇನ್ನಷ್ಟು ಎದ್ದಿರುತ್ತದೆ. ಆ ಗಳಿಗೆಯಲ್ಲಿ ಕಾಲು ಎತ್ತಿದಿರೋ, ಚಕ್ರ ಒಳಗೆ ಮಡಿಚಿಕೊಳ್ಳುತ್ತದೆ. ಸಾಲದ್ದಕ್ಕೆ, ಚಕ್ರ ವಾಲಿದಾಗ ಅಗಲದ ಚಪ್ಪಟೆ ಟೈರು ನಿಲ್ಲುವುದು ಹೊರ ಅಂಚಿನ ಮೇಲೆ ಮಾತ್ರ. ಕೊಟ್ಟ ಅಗಲ ಬೇಕಾದ ಹೊತ್ತಿಗೆ ಇಲ್ಲ.

ಇದು ನಮ್ಮ ಮೆಕ್ಯಾನಿಕ್ಕನ ಅಂಜಿಕೆ ಮಾತ್ರ ಅಲ್ಲ. ಅಮೆರಿಕದ ರಾಲ್ಫ್ ನೇಡರ್ 1965ರಲ್ಲಿ ಕಾರು ಕಂಪನಿಗಳ ಮೇಲೆ ಬರೆದ ಪ್ರಸಿದ್ಧ ಪುಸ್ತಕದ ಮೊದಲ ಅಧ್ಯಾಯವೇ ಸ್ವಿಂಗ್ ಆಕ್ಸಲ್ ಇದ್ದ ಷೆವರ್ಲೆ ಕೊರ್ವೇರ್ ಬಗ್ಗೆ. ಟ್ರಯಂಫಿನವರು ಸ್ಪಿಟ್‌ಫೈರಿಗೆ 1970ರಲ್ಲಿ ಸ್ಪ್ರಿಂಗಿನ ಜೋಡಣೆ ಬದಲಿಸಿ ಈ ಕಾಟವನ್ನು ಬಹಳಷ್ಟು ತಗ್ಗಿಸಿದರು. ನಮ್ಮ ವಂಡಲೂರಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೆರಾಲ್ಡಿನ ನಂತರ ತಂದ ಗೆಜೆಲ್ ಕಾರಿಗೆ ಈ ಏರ್ಪಾಡನ್ನೇ ಕೈಬಿಟ್ಟು ಗಟ್ಟಿ ಆಕ್ಸಲ್ ಹಾಕಿದರು. ನಿಮ್ಮ ಹತ್ತಿರ ಇರುವುದು ಗಟ್ಟಿ ಆಕ್ಸಲಿನ ಎಂ.ಜಿ.ಬಿ. ತರಹದ ಕಾರಾದರೆ ನನ್ನ ಈ ದೊಡ್ಡ ಹೆದರಿಕೆ ನಿಮಗಿಲ್ಲ. ರಿಮ್ಮು ಒಪ್ಪುವಷ್ಟು ಅಗಲಕ್ಕೆ ಧಾರಾಳವಾಗಿ ಹೋಗಿ.

ಇನ್ನು ಮಳೆ. ಇದು ನಮ್ಮ ಊರಿನ ಎಲ್ಲರಿಗೂ, ಹೊಸ ಕಾರಿನವರಿಗೂ. ಹೆರಾಲ್ಡಿನ ತೂಕ ಹೆಚ್ಚುಕಡಿಮೆ 800 ಕಿಲೋ. ಒಂದೊಂದು ಚಕ್ರದ ಪಾಲು 200. ಗಾಳಿ 24 ಪೌಂಡ್ ಅಂತ ಇಟ್ಟುಕೊಂಡು ಭಾಗಿಸಿದರೆ, ಒಂದು ಟೈರು ರಸ್ತೆಗೆ ತಾಗುವ ಜಾಗ ಸುಮಾರು 120 ಚದರ ಸೆಂಟಿಮೀಟರ್. ನೀವು ನಮಗೆ ಬರೆಯುತ್ತಿದ್ದ ಪೋಸ್ಟ್ ಕಾರ್ಡು ಇದೆಯಲ್ಲ, 14 ಸೆಂಟಿಮೀಟರ್ ಉದ್ದ, 9 ಅಗಲ, ಸರಿಸುಮಾರು ಅಷ್ಟೇ! ಗಾಳಿಯ ಒತ್ತಡ ಅದೇ ಇದ್ದರೆ ಟೈರು ಅಗಲವಾದರೂ ಈ ಜಾಗ ಹೆಚ್ಚೇನೂ ಬೆಳೆಯುವುದಿಲ್ಲ. ಕಾರ್ಡನ್ನು ಉದ್ದಕ್ಕೆ ಇಡುವ ಬದಲು ಅಡ್ಡಕ್ಕೆ ಇಟ್ಟ ಹಾಗಾಗುತ್ತದೆ. ಒಣ ರಸ್ತೆಯ ತಿರುವಿನಲ್ಲಿ ಅಡ್ಡ ಕಾರ್ಡಿಗೆ ಲಾಭವಿದೆ, ರೇಸಿನವರು ಅದಕ್ಕೇ ಅಗಲ ಕೇಳುವುದು. ನೀರು ನಿಂತ ರಸ್ತೆಯಲ್ಲಿ ಅಡ್ಡ ಕಾರ್ಡು ಹೆಚ್ಚು ನೀರನ್ನು ತಳ್ಳಬೇಕು, ಬೇಗ ತೇಲಿಬಿಡುತ್ತದೆ. ನವೆಂಬರ್, ಡಿಸೆಂಬರಿನಲ್ಲಿ ನಮ್ಮ ರಸ್ತೆಗಳು ಹೇಗಿರುತ್ತವೆ ಅಂತ 2015 ಕಂಡವರಿಗೆ, 2023ರ ಮಿಚಾಂಗ್ ಕಂಡವರಿಗೆ ನಾನು ಹೇಳಬೇಕೇ?

ಹಾಗಾದರೆ ಹಾಕಿಸಿದ್ದು ಏನು ಅಂತೀರಾ? 145/80 ಆರ್ 13, ರೇಡಿಯಲ್. ಮಾರುತಿ ವ್ಯಾಗನ್ ಆರ್ ಕಾರಿಗೆ ಬಂದ ಅಳತೆ, ಹುಡುಕಾಡಬೇಕಾಗಿಲ್ಲ. ಮೂರೂವರೆ ಇಂಚಿನ ರಿಮ್ಮಿಗೆ ಸರಿಯಾಗಿ ಕೂರುತ್ತದೆ. ಮೈದುನನಿಗೆ ಲೆಕ್ಕ ತೋರಿಸಿದೆ: ಮೂಲದ್ದು 132, ಇದು 145. ಅರ್ಧ ಇಂಚು ಅಗಲ ಆಗಲೇ ಸಿಕ್ಕಿತಲ್ಲಪ್ಪ! 155ಕ್ಕೆ ಹೋಗಬೇಕಾದರೆ ರಿಮ್ಮು ನಾಲ್ಕು ಇಂಚಾದರೂ ಬೇಕು. ರೇಡಿಯಲ್ ರಬ್ಬರಿನ ಹಿಡಿತವೂ ಹಳೆಯ ಕ್ರಾಸ್‌ಪ್ಲೈಗಿಂತ ಚೆನ್ನ. ಅಂದರೆ ಇದರಲ್ಲೂ ಬೆನ್ನು ಏಳುವ ಗುಣ ಪೂರ್ತಿ ಹೋಗಿಲ್ಲ, ನೆನಪಿರಲಿ. ಕತ್ತಿಪಾರದ ಸುತ್ತು ಸೇತುವೆ ಇಳಿಯುವಾಗ ಮೊದಲೇ ವೇಗ ತಗ್ಗಿಸಬೇಕು, ತಿರುವಿನೊಳಗೆ ಹೊಕ್ಕ ಮೇಲೆ ಕಾಲು ತಟ್ಟನೆ ಎತ್ತಬಾರದು.

ಇನ್ನೂ ಕೆಲವು ಮಾತು, ಬೇಗ ಹೇಳಿ ಮುಗಿಸುತ್ತೇನೆ. ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ ಎಂಬ ಬೆರಕೆ ಈ ಕಾರಿಗೆ ವಿಷ. ಹಳೆಯ ರಿಮ್ಮು ಟ್ಯೂಬಿನ ಕಾಲದ್ದು, ಅಂಗಡಿಯವರು ಟ್ಯೂಬ್‌ಲೆಸ್ ಸಾಕು ಅಂದರೂ ಸರಿಯಾದ ಟ್ಯೂಬು ಹಾಕಿಸಿಕೊಳ್ಳಿ. ಹಿಂದಿನ ಚಕ್ರಕ್ಕೆ ಮುಂದಿನದಕ್ಕಿಂತ ಗಾಳಿ ಹೆಚ್ಚಿರಲಿ, ಕೈಪಿಡಿ ಇದ್ದರೆ ಅದರಲ್ಲಿ ಇದ್ದಷ್ಟು. ಮತ್ತೆ ಟೈರಿನ ವಯಸ್ಸು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ತಿಂಗಳಿಗೊಮ್ಮೆ ಹೊರಡುವ ಕಾರಿನ ಟೈರು ಸವೆಯುವುದಿಲ್ಲ, ಮುದಿಯಾಗುತ್ತದೆ. ನಮ್ಮ ಸೆಕೆಗೆ ಇನ್ನೂ ಬೇಗ. ಮಾವನವರ ಟೈರುಗಳ ಮೇಲೆ ಹೂವು ಹಾಗೇ ಇತ್ತು, ಪಕ್ಕದಲ್ಲಿ ಮಾತ್ರ ಒಣಗಿದ ಕೆರೆಯ ಹಾಗೆ ಬಿರುಕು. ಕಾರು 50 ವರ್ಷ ದಾಟಿದ್ದರೆ ಇನ್ನೊಂದು ವಿಷಯ. 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿ ಪಡೆಯಬಹುದು, ಆದರೆ ಚಾಸಿ, ಬಾಡಿ, ಎಂಜಿನ್ನು ಮೂಲ ರೂಪದಲ್ಲಿರಬೇಕು. ಅಗಲದ ಟೈರಿಗೆ ಜಾಗ ಮಾಡಲು ಮಡ್‌ಗಾರ್ಡಿನ ಅಂಚು ಕೊಯ್ಯಿಸುವವರು ಕೊಯ್ಯಿಸುವ ಮುಂಚೆ ಯೋಚಿಸಿ.

ಹೋದ ಭಾನುವಾರ ಟೈರು ಹಾಕಿಸಿ ಕಾರನ್ನು ಗೇಟಿನ ಮುಂದೆ ನಿಲ್ಲಿಸಿದೆವು. ಅತ್ತೆ ಬಾಗಿಲಿಗೆ ಬಂದು ನೋಡಿದರು. "ಎಂತ, ಇಷ್ಟೇ ಸಪೂರವಾ ಮಾರಾಯ್ತಿ?" ಅಂದರು. ಊಟದ ತಟ್ಟೆ ಹಿಡಿದು ಅವರಿಗೂ ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಇದು ಆಗ ಅವರಿಗೆ ಯಾರೂ ಹೇಳ್ಲಿಲ್ಲ ಅಲ್ವಾ" ಅಂತ ಬಾನೆಟ್ಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಕಾರು ಹತ್ತಲಿಲ್ಲ. ಮಳೆಗಾಲ ಮುಗಿಯಲಿ, ನೋಡೋಣ ಅಂದಿದ್ದಾರೆ. ಮೈದುನ ಡ್ರೈವ್ ಮಾಡಬಾರದು, ನಾನು ಮಾಡಬೇಕಂತೆ.

ಈಗ ಒಂದು ಹಾಡು. ಆರಿಸಿಕೊಟ್ಟವರೂ ಅವರೇ.