ಊರು ಬಿಡುವವರು, ಬಿಡಲಾಗದವರು

‘ಇಲಿ ಬಿತ್ತು’ ಎಂದರೆ ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಮುಂದಿನದನ್ನು ಯಾರೂ ವಿವರಿಸಬೇಕಿರಲಿಲ್ಲ. ಅಟ್ಟದಿಂದ ಇಳಿದ ಇಲಿ ನಡುಮನೆಯಲ್ಲಿ ತೂರಾಡಿ ಸತ್ತರೆ, ಪಾತ್ರೆಪಡಗ, ದನಕರು ಸಮೇತ ಊರಾಚೆಯ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಸತ್ತ ಇಲಿಯ ಮೈಬಿಟ್ಟ ಚಿಗಟ ಮನುಷ್ಯರನ್ನು ಕಚ್ಚಿ ಪ್ಲೇಗು ಹರಡುತ್ತದೆ ಎಂದು ಸಿಮೊಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ. ವೈದ್ಯಲೋಕ ಅದನ್ನು ಒಪ್ಪಲು ವರ್ಷಗಳೇ ಹಿಡಿದವು. ಕಾರಣ ತಿಳಿಯದೆಯೂ ನಮ್ಮ ಹಳ್ಳಿಗರು ಮಾಡಿದ್ದು ಸರಿಯಾಗಿತ್ತು.

ಅದೇ 1898ರ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಪೇಟೆಯ ಗಾಳಿಬೆಳಕಿಲ್ಲದ ಓಣಿಗಳಲ್ಲಿ ಸಾವು ಬೀಡುಬಿಟ್ಟಿತು. ಮೊದಲೇ ಯೋಚಿಸಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೆ ಅವಸರ ಹುಟ್ಟಿದ್ದು ಆಗಲೇ. ಇಂದು ನಾವು ಮೆಚ್ಚುವ ಆ ಅಗಲ ಬೀದಿಗಳಲ್ಲಿ ಪ್ಲೇಗಿನ ಭಯವೂ ಸೇರಿದೆ. ಆದರೆ ನಿವೇಶನ ಕೊಳ್ಳಬಲ್ಲವರು ಅಲ್ಲಿಗೆ ಹೋದರು. ಕೊಳ್ಳಲಾರದವರು ಓಣಿಯಲ್ಲೇ ಉಳಿದು ಪ್ಲೇಗ್ ಮಾರಮ್ಮನಿಗೆ ಹರಕೆ ಹೊತ್ತರು.

ಹೋಗುವ ಸ್ವಾತಂತ್ರ್ಯ ಯಾರದು ಎಂಬ ಈ ಪ್ರಶ್ನೆ ಬಹಳ ಹಳೆಯದು. ಹದಿನಾಲ್ಕನೇ ಶತಮಾನದ ಪ್ಲೇಗಿನ ಮಹಾಮಾರಿಯಲ್ಲಿ ಯೂರೋಪಿನ ಮೂರನೇ ಒಂದು ಪಾಲು ಜನ ಸತ್ತರೆಂದು ಅಂದಾಜು. ಆಳುಗಳು ಸಿಗದಾದಾಗ ಉಳಿದವರು ಹೆಚ್ಚು ಕೂಲಿ ಕೇಳಿದರು. 1351ರಲ್ಲಿ ಇಂಗ್ಲೆಂಡು ಕಾನೂನು ತಂದು ಕೂಲಿಯನ್ನು ಹಳೆಯ ದರಕ್ಕೇ ಕಟ್ಟಿಹಾಕಿತು, ಕೂಲಿಯವರು ಬೇರೆಡೆಗೆ ಹೋಗದಂತೆಯೂ ತಡೆಯಿತು.

ಈಗ ಬೆಂಗಳೂರಿನ ನಮ್ಮ ಕುಂದಲಹಳ್ಳಿಗೆ ಬನ್ನಿ. 2020ರ ಮಾರ್ಚ್‌ನಲ್ಲಿ ಕೊರೋನಾದ ಲಾಕ್‌ಡೌನ್ ಬಂದಾಗ ಇಲ್ಲಿನ ಸಾಫ್ಟ್‌ವೇರ್ ನೌಕರರು ಲ್ಯಾಪ್‌ಟಾಪ್ ಹಿಡಿದು ಮನೆ ಸೇರಿದರು, ಎಷ್ಟೋ ಮಂದಿ ತಮ್ಮ ಊರುಗಳಿಗೇ ಹೋದರು. ಅವರ ಕಚೇರಿ, ಅಪಾರ್ಟ್‌ಮೆಂಟುಗಳನ್ನು ಕಟ್ಟುತ್ತಿದ್ದ ಬಿಹಾರ, ಒಡಿಶಾ, ಬಂಗಾಳದ ಕೆಲಸಗಾರರು ತಗಡಿನ ಶೆಡ್ಡುಗಳಲ್ಲಿ ಉಳಿದರು. ಒಂದೇ ಕೋಣೆಯಲ್ಲಿ ಹಲವರು, ಸಾಲಿಗೆಲ್ಲ ಒಂದೇ ನಲ್ಲಿ. ಅವರಿಗೂ ಹೇಳಿದ್ದು ಅಂತರ ಕಾಯ್ದುಕೊಳ್ಳಿ ಎಂದೇ. ಮೇ ತಿಂಗಳಲ್ಲಿ ಇಂಥ ಕೆಲಸಗಾರರನ್ನು ಊರಿಗೆ ಕರೆದೊಯ್ಯುವ ಶ್ರಮಿಕ ರೈಲುಗಳು ಹೊರಟವು. ಮೇ 5ರಂದು ಬಿಲ್ಡರುಗಳ ಜೊತೆ ಸಭೆ ನಡೆದ ಬೆನ್ನಲ್ಲೇ ರಾಜ್ಯ ಸರ್ಕಾರ ಆ ರೈಲುಗಳು ಬೇಡವೆಂದಿತು. ದೇಶವೆಲ್ಲ ಆಕ್ಷೇಪಿಸಿದ ಮೇಲಷ್ಟೇ ಅವನ್ನು ಮತ್ತೆ ಕೇಳಿತು. ರೈಲು ಬೇಡವೆಂದ ಆ ನಿರ್ಧಾರ ಅನ್ಯಾಯವಾಗಿತ್ತು ಎಂದೇ ನಾನು ಹೇಳುತ್ತೇನೆ.

ಶೆಡ್ಡುಗಳು ಇಂದಿಗೂ ಹೋಗಿಲ್ಲ, ಕಟ್ಟಡದ ಕೆಲಸ ನಡೆಯುವ ಎಷ್ಟೋ ಕಡೆ ಇವೆ. ನಿಮ್ಮ ಬೀದಿಯಲ್ಲೂ ಒಂದು ಕಟ್ಟಡ ಏಳುತ್ತಿದ್ದರೆ, ಅಲ್ಲಿನವರಿಗೆ ನೀರು, ಶೌಚಾಲಯ ಇವೆಯೇ ಎಂದು ದಯವಿಟ್ಟು ವಿಚಾರಿಸಿ. ಇಲ್ಲದಿದ್ದರೆ ಬಿಲ್ಡರನ್ನೂ ವಾರ್ಡಿನ ಅಧಿಕಾರಿಯನ್ನೂ ಕೇಳಿ, ಸಿಗುವವರೆಗೂ ಬಿಡಬೇಡಿ.