ಎರಡು ಓಟಿನ ಮನೆ: 1977ರ ಚುನಾವಣೆ ಮತ್ತು ನಮ್ಮ ಫ್ಯಾಮಿಲಿ ಗ್ರೂಪ್

ಪುಣೆಯಿಂದ ಮಾತಾಡ್ತಾ ಇದ್ದೀನಿ. ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯ್ತು. ಖರಾಡಿಯಲ್ಲಿ ಆಫೀಸು, ಊರು ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ. ಇವತ್ತು ಟೆಕ್ನಾಲಜಿ ಬಗ್ಗೆ ಏನೂ ಹೇಳಲ್ಲ. ಒಂದು ಜಗಳದ ಬಗ್ಗೆ ಹೇಳ್ತೀನಿ. ಅದು ನನ್ನದೇ ಜಗಳ.

2024ರ ಲೋಕಸಭಾ ಚುನಾವಣೆ ನೆನಪಿದೆಯಲ್ಲ? ಜೂನ್ 4ರಂದು ರಿಸಲ್ಟ್ ಬಂತು. ನಮ್ಮ ಮನೆಯವರ ವಾಟ್ಸಾಪ್ ಗ್ರೂಪಲ್ಲಿ ಇಪ್ಪತ್ಮೂರು ಜನ ಇದ್ದೆವು. ಸಂಜೆ ಹೊತ್ತಿಗೆ ಹತ್ತೊಂಬತ್ತು. ಬಿಟ್ಟು ಹೋದ ನಾಲ್ಕು ಜನರಲ್ಲಿ ಮೊದಲನೆಯವನು ನನ್ನ ಸ್ವಂತ ತಮ್ಮ, ಬೆಂಗಳೂರಲ್ಲಿದ್ದಾನೆ. ಅವನು ಬಿಟ್ಟು ಹೋಗಿದ್ದು ನಾನು ಬರೆದ ಒಂದು ಸಾಲಿಗೆ. ಆ ಸಾಲು ಏನು ಅಂತ ಇಲ್ಲಿ ಹೇಳಲ್ಲ, ಹೇಳೋಕೆ ನಾಚಿಕೆ ಆಗುತ್ತೆ. ನಾನು ಯಾವ ಕಡೆ, ಅವನು ಯಾವ ಕಡೆ ಅನ್ನೋದನ್ನೂ ಹೇಳಲ್ಲ. ಹೇಳಿದ ತಕ್ಷಣ ಕೇಳ್ತಿರೋರಲ್ಲಿ ಅರ್ಧ ಜನ ನನ್ನ ಮಾತು ಕೇಳೋದು ನಿಲ್ಲಿಸ್ತೀರಿ, ಇನ್ನರ್ಧ ಜನ ಕೇಳದೇನೇ ಒಪ್ಪಿಕೊಂಡುಬಿಡ್ತೀರಿ.

ನಮ್ಮ ಜಗಳ ಶುರುವಾಗಿದ್ದು ಎಮರ್ಜೆನ್ಸಿ ವಿಷಯಕ್ಕೆ. ಒಬ್ಬ "ಆಗ ಏನಾಗಿತ್ತು ಗೊತ್ತಾ" ಅಂತ ಒಂದು ಫಾರ್ವರ್ಡ್ ಹಾಕಿದ. ಇನ್ನೊಬ್ಬ "ಈಗ ಏನಾಗ್ತಿದೆ ಗೊತ್ತಾ" ಅಂತ ಇನ್ನೊಂದು ಹಾಕಿದ. ಇಬ್ಬರೂ ಹುಟ್ಟಿದ್ದು 1980ರ ನಂತರ. ಕೊನೆಗೆ ದೊಡ್ಡಪ್ಪ ಒಂದೇ ಸಾಲು ಬರೆದರು: "ಇಬ್ಬರೂ ಊರಿಗೆ ಬನ್ನಿ, ಹೇಳ್ತೀನಿ."

ತಮ್ಮ ಹೋಗಲಿಲ್ಲ. ನಾನು ದೀಪಾವಳಿಗೆ ಹೋದೆ.

ದೊಡ್ಡಪ್ಪ ಹೇಳಿದ್ದಕ್ಕೆ ಮುಂಚೆ ಸ್ವಲ್ಪ ಹಿನ್ನೆಲೆ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ಅವರು ರಾಯ್‌ಬರೇಲಿಯಿಂದ ಇಂದಿರಾ ಗಾಂಧಿ ಆಯ್ಕೆಯಾಗಿದ್ದನ್ನ ರದ್ದು ಮಾಡಿದರು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಇಪ್ಪತ್ತೊಂದು ತಿಂಗಳು ಇತ್ತು. ಪತ್ರಿಕೆಗಳಿಗೆ ಸೆನ್ಸಾರ್. ಮೀಸಾ, ಡಿಐಆರ್ ಎರಡೂ ಸೇರಿ ಬಂಧನಕ್ಕೊಳಗಾದವರು ಒಂದು ಲಕ್ಷಕ್ಕೂ ಹೆಚ್ಚು ಜನ ಅಂತ ಆಮೇಲೆ ಶಾ ಆಯೋಗ ಲೆಕ್ಕ ಕೊಟ್ಟಿತು.

ಬೆಂಗಳೂರಲ್ಲಿ ಫ್ರೀಡಂ ಪಾರ್ಕ್ ಇದೆಯಲ್ಲ, ಅದು ಹಿಂದೆ ಸೆಂಟ್ರಲ್ ಜೈಲು. ಜೂನ್ ಕೊನೆಯಲ್ಲಿ ಸಂಸತ್ತಿನ ಸಮಿತಿ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರಾ ನಾಲ್ಕೂ ಜನರನ್ನ ಅಲ್ಲೇ ಹಿಡಿದು ಆ ಜೈಲಿಗೆ ಹಾಕಿದರು. ದಂಡವತೆ ಮಹಾರಾಷ್ಟ್ರದ ಸಮಾಜವಾದಿ. ಅವರ ಹೆಂಡತಿ ಪ್ರಮೀಳಾ ದಂಡವತೆ ಅವರನ್ನ ಇಟ್ಟಿದ್ದು ಇಲ್ಲಿ, ಪುಣೆಯ ಯೆರವಡಾ ಜೈಲಲ್ಲಿ. ಗಂಡ ಬೆಂಗಳೂರಲ್ಲಿ, ಹೆಂಡತಿ ಪುಣೆಯಲ್ಲಿ, ನಡುವೆ ಕಾಗದ. ನಾನು ವರ್ಷಗಟ್ಟಲೆ ಯೆರವಡಾ ಮೇಲೆ ಕ್ಯಾಬಲ್ಲಿ ಆಫೀಸಿಗೆ ಹೋಗಿದ್ದೀನಿ. ಟ್ರಾಫಿಕ್ ಬಿಟ್ಟು ಬೇರೇನೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅದೇ ಬೆಂಗಳೂರು ಜೈಲಲ್ಲಿ ಸ್ನೇಹಲತಾ ರೆಡ್ಡಿ ಇದ್ದರು. 'ಸಂಸ್ಕಾರ' ಸಿನಿಮಾದ ಚಂದ್ರಿ. 1976ರ ಮೇ ತಿಂಗಳಲ್ಲಿ ಅವರನ್ನ ಹಿಡಿದದ್ದು ಜಾರ್ಜ್ ಫರ್ನಾಂಡಿಸ್ ಜೊತೆ ನಂಟಿದೆ ಅನ್ನೋ ಕಾರಣಕ್ಕೆ. ಅವರಿಗೆ ತೀವ್ರ ಅಸ್ತಮಾ. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಜನವರಿ 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. ಜನವರಿ 20ರಂದು ಸ್ನೇಹಲತಾ ತೀರಿಕೊಂಡರು. ನಾನು 'ಸಂಸ್ಕಾರ' ಎರಡು ಸಲ ನೋಡಿದ್ದೀನಿ. ಚಂದ್ರಿ ಪಾತ್ರ ಮಾಡಿದವರಿಗೆ ಏನಾಯ್ತು ಅಂತ ಒಂದು ಸಲವೂ ಹುಡುಕಿರಲಿಲ್ಲ.

ಇಷ್ಟನ್ನ ಈಗ ಯಾರು ಬೇಕಾದರೂ ಓದಿ ತಿಳ್ಕೋಬಹುದು. ಆದರೆ ದೊಡ್ಡಪ್ಪ ಹೇಳಿದ ಒಂದು ಸಂಗತಿ ಮಾತ್ರ ನನ್ನ ತಲೆ ಕೆಡಿಸಿತು.

"1977ರಲ್ಲಿ ದೇಶ ಇಂದಿರಾ ಗಾಂಧೀನ ಸೋಲಿಸ್ತು ಅಂತ ಓದಿದೀಯಲ್ಲ? ಕರ್ನಾಟಕ ಏನು ಮಾಡ್ತು ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಕರ್ನಾಟಕದ 28 ಸೀಟಲ್ಲಿ 26 ಕಾಂಗ್ರೆಸ್ಸಿಗೆ ಕೊಟ್ಟಿತ್ತು. ಆಂಧ್ರದಲ್ಲಿ 42ಕ್ಕೆ 41. ಅದೇ ಹೊತ್ತಿಗೆ ಉತ್ತರ ಪ್ರದೇಶದ 85ರಲ್ಲಿ ಒಂದೂ ಇಲ್ಲ, ಬಿಹಾರದ 54ರಲ್ಲಿ ಒಂದೂ ಇಲ್ಲ. ಇಂದಿರಾ ಗಾಂಧಿಯವರೇ ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಎದುರು 55 ಸಾವಿರಕ್ಕೂ ಹೆಚ್ಚು ಓಟಿನಿಂದ ಸೋತರು. ಉತ್ತರ-ದಕ್ಷಿಣ ಬೇರೆ ಬೇರೆ ಓಟು ಹಾಕ್ತಾವೆ ಅಂತ ನಾವು ಈಗ ಹೊಸದಾಗಿ ಕಂಡುಹಿಡಿದ ಹಾಗೆ ಮಾತಾಡ್ತೀವಲ್ಲ, 1977ರ ಮಾರ್ಚಲ್ಲಿ ದೇಶದ ನಕ್ಷೆ ಇದಕ್ಕಿಂತ ಸ್ಪಷ್ಟವಾಗಿ ಎರಡು ಬಣ್ಣ ಆಗಿತ್ತು.

ಯಾಕೆ ಹಾಗಾಯ್ತು? ಉತ್ತರದಲ್ಲಿ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಊರೂರಿಗೂ ನುಗ್ಗಿತ್ತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್ ಆದವು. ದಿಲ್ಲಿಯ ತುರ್ಕಮಾನ್ ಗೇಟಲ್ಲಿ ಬುಲ್ಡೋಜರ್ ಬಂತು, ಗುಂಡು ಹಾರಿತು. ನಮ್ಮ ಕಡೆ ಒತ್ತಾಯ ಇರಲೇ ಇಲ್ಲ ಅಂತಲ್ಲ, ಅಷ್ಟು ಕಟುವಾಗಿರಲಿಲ್ಲ. ಇನ್ನೊಂದು ಕಾರಣ ನಮ್ಮ ಮನೆಯ ಒಳಗೇ ಇತ್ತು. ಅದರ ಹೆಸರು ಫಾರಂ ನಂಬರ್ 7.

ನಮ್ಮ ಅಜ್ಜ ಗೇಣಿದಾರ. ಗದ್ದೆ ಉಳೋದು ಇವರು, ಒಡೆತನ ಬೇರೆಯವರದ್ದು. ಸುಗ್ಗಿ ಆದ ತಕ್ಷಣ ಒಡೆಯರ ಮನೆಗೆ ಗೇಣಿ ಭತ್ತ ಅಳೆದು ಬರಬೇಕು. ಮಳೆ ಕೈಕೊಟ್ಟ ವರ್ಷವೂ ಅಳೀಬೇಕು. ಅಜ್ಜಿ ಹೇಳ್ತಿದ್ದರಂತೆ, ಶ್ರಾವಣದ ಹೊತ್ತಿಗೆ ಮನೇಲಿ ಭತ್ತ ಇರ್ತಿರಲಿಲ್ಲ, ಅದೇ ಒಡೆಯರ ಮನೇಲಿ ಸಾಲ ತರಬೇಕಿತ್ತು ಅಂತ. ದೇವರಾಜ ಅರಸು ಸರ್ಕಾರ ತಂದ ಭೂಸುಧಾರಣೆ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರ ಫಾರಂ 7 ತುಂಬಿ ಕೊಟ್ಟರೆ ಭೂ ನ್ಯಾಯ ಮಂಡಳಿ ವಿಚಾರಣೆ ಮಾಡಿ ತೀರ್ಮಾನ ಕೊಡ್ತಿತ್ತು. ಅಲ್ಲಿ ವಕೀಲರನ್ನ ಇಟ್ಕೊಳ್ಳೋ ಹಾಗಿರಲಿಲ್ಲ. ಓದು ಬರಹ ಬಾರದ ನಮ್ಮಜ್ಜ ತಾನೇ ನಿಂತು, "ಈ ಗದ್ದೆ ನಾನು ಉತ್ತಿದ್ದು, ನನ್ನಪ್ಪ ಉತ್ತಿದ್ದು" ಅಂತ ಹೇಳಬೇಕಿತ್ತು.

ಅಜ್ಜನ ಕೇಸು ವಿಚಾರಣೆಗೆ ಬಂದದ್ದು 1976ರ ಜನವರಿಯಲ್ಲಿ. ಆಗ ದೊಡ್ಡಪ್ಪ ಜೈಲಲ್ಲಿದ್ದರು.

ದೊಡ್ಡಪ್ಪ ಆಗ ಶಿವಮೊಗ್ಗದಲ್ಲಿ ಓದ್ತಿದ್ದ ಹುಡುಗ, ಇಪ್ಪತ್ತೊಂದು ವರ್ಷ. 1975ರ ನವೆಂಬರ್ 14ರಿಂದ ತುರ್ತು ಪರಿಸ್ಥಿತಿ ವಿರುದ್ಧ ದೇಶದ ತುಂಬ ಸತ್ಯಾಗ್ರಹ ಶುರುವಾಯ್ತು. ಇವರು ಬಸ್‌ಸ್ಟ್ಯಾಂಡಲ್ಲಿ ಕರಪತ್ರ ಹಂಚಿ, ಎರಡು ಘೋಷಣೆ ಕೂಗಿ ಸಿಕ್ಕಿಬಿದ್ದರು. ಠಾಣೆಯಲ್ಲಿ ಹೊಡೆದರು. ನಾಲ್ಕು ತಿಂಗಳು ಜೈಲು. ಎಡಗೈ ಕಿರುಬೆರಳು ಈಗಲೂ ನೆಟ್ಟಗೆ ಮಡಚಲ್ಲ. ಅದು ಅಡಿಕೆ ಮರದಿಂದ ಬಿದ್ದಿದ್ದು ಅಂತ ನಾನು ಇಷ್ಟು ವರ್ಷ ಅಂದ್ಕೊಂಡಿದ್ದೆ.

ಅಜ್ಜನಿಗೆ ಯಾರೋ ಹೇಳಿದರಂತೆ, "ನಿನ್ನ ಮಗ ಸರ್ಕಾರದ ವಿರುದ್ಧ ಕೂಗಿ ಒಳಗೆ ಕೂತಿದಾನೆ, ಸರ್ಕಾರ ನಿಂಗೆ ಗದ್ದೆ ಕೊಡುತ್ತಾ?" ಅಜ್ಜ ಎರಡು ಬಸ್ ಬದಲಿಸಿ ಜೈಲಿಗೆ ಹೋದರು. ಚಕ್ಕುಲಿ ಕಟ್ಟಿಕೊಂಡು ಹೋಗಿದ್ದರು. ಮಗನಿಗೆ ಒಂದೇ ಮಾತು: "ತಪ್ಪಾಯ್ತು ಅಂತ ಬರೆದುಕೊಟ್ಟು ಬಾ." ದೊಡ್ಡಪ್ಪ ಆಗಲ್ಲ ಅಂದರು. ಅಜ್ಜ ಚಕ್ಕುಲಿ ಗಂಟು ಅಲ್ಲೇ ಇಟ್ಟು, ಹಿಂತಿರುಗಿ ನೋಡದೆ ಬಂದರು.

ಗದ್ದೆ ಬಂತು. ಅರಸು ಸರ್ಕಾರದ ಮಂಡಳಿ, ಜೈಲಲ್ಲಿದ್ದವನ ಅಪ್ಪನಿಗೆ ಗದ್ದೆ ಕೊಟ್ಟಿತು.

ದೊಡ್ಡಪ್ಪನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ. ಉಳುವವನಿಗೇ ಭೂಮಿ ಅಂತ ಮಲೆನಾಡಲ್ಲಿ ಮೊದಲು ಬೀದಿಗಿಳಿದವರು ಅವರ ಕಡೆಯವರು, ಅಂದರೆ ಸಮಾಜವಾದಿಗಳು. 1951ರ ಕಾಗೋಡು ಸತ್ಯಾಗ್ರಹಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾಗಿದ್ದರು. ಶಾಂತವೇರಿ ಗೋಪಾಲಗೌಡರು ಅದಕ್ಕಾಗಿ ಜೀವಮಾನ ಸವೆಸಿದರು, 1972ರಲ್ಲಿ ತೀರಿಕೊಂಡರು. ಅವರು ಕೇಳಿದ್ದನ್ನ ಕೊನೆಗೆ ಕಾನೂನು ಮಾಡಿ ಕೊಟ್ಟದ್ದು ಎದುರು ಪಕ್ಷದ ಮುಖ್ಯಮಂತ್ರಿ. ಕೊಟ್ಟ ಹೊತ್ತಿಗೆ ಕೇಳಿದವರಲ್ಲಿ ಎಷ್ಟೋ ಜನ ಜೈಲಲ್ಲಿದ್ದರು.

ಇನ್ನೂ ಒಂದು ಕಡೆ ಇದೆ, ಅದನ್ನೂ ಹೇಳಬೇಕು. ಗದ್ದೆ ಕಳ್ಕೊಂಡವರು ಎಲ್ಲರೂ ದೊಡ್ಡ ಜಮೀನ್ದಾರರಾಗಿರಲಿಲ್ಲ. ಆ ಗೇಣಿ ಭತ್ತವೇ ಊಟಕ್ಕೆ ಆಧಾರವಾಗಿದ್ದ ಮನೆಗಳೂ ಇದ್ದವು. ಅಂಥ ಮನೆಗಳ ಮಕ್ಕಳು ಓದಿ, ಬೆಂಗಳೂರು, ಮುಂಬೈ, ಪುಣೆ ಅಂತ ಕೆಲಸ ಹುಡುಕಿಕೊಂಡು ಹೋದರು. ಅವರ ಮೊಮ್ಮಕ್ಕಳು ಇವತ್ತು ನಮ್ಮ ಜೊತೆ ಒಂದೇ ಸ್ಟ್ಯಾಂಡಪ್ ಮೀಟಿಂಗಲ್ಲಿ ಇರಬಹುದು. ನಮ್ಮನ್ನ ಊರಿಂದ ಹೊರಡಿಸಿದ್ದು ಬೇರೆ ಬೇರೆ ಕಾರಣ, ಬಂದು ಸೇರಿದ್ದು ಮಾತ್ರ ಒಂದೇ ಕ್ಯಾಂಟೀನು.

ಮಾರ್ಚ್ 1977. ಓಟಿನ ದಿನ. ಕಾಂಗ್ರೆಸ್ ಗುರುತು ಹಸು-ಕರು. ಜನತಾ ಪಕ್ಷದವರದ್ದು ನೇಗಿಲು ಹೊತ್ತ ರೈತ. ನೇಗಿಲು ಹಿಡಿದೇ ಬದುಕಿದ ಅಜ್ಜ ಹಸು-ಕರುವಿಗೆ ಒತ್ತಿ ಬಂದರು. ಜೈಲಿಂದ ಬಂದ ದೊಡ್ಡಪ್ಪ ನೇಗಿಲಿಗೆ ಒತ್ತಿದರು. ಸಂಜೆ ಅಜ್ಜಿ ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಊಟ ಬಡಿಸಿದರಂತೆ. ಜೈಲಿನ ಆ ದಿನದಿಂದ ಅಪ್ಪ-ಮಗನಿಗೆ ಮಾತಿಲ್ಲ.

"ಮತ್ತೆ ಯಾವಾಗ ಮಾತಾಡಿದ್ರಿ?" ಅಂತ ಕೇಳಿದೆ. ನಾನು ಏನೋ ದೊಡ್ಡ ಸಂಧಾನದ ಕಥೆ ನಿರೀಕ್ಷೆ ಮಾಡಿದ್ದೆ.

"ನಾಟಿ ಟೈಮು. ಆಳು ಬರ್ಲಿಲ್ಲ. ಮಳೆ ಹಿಡ್ಕೊಂಡಿತ್ತು. ಅಪ್ಪ ಜಗಲೀಲಿ ನಿಂತು 'ಸಸಿ ಮಡಿ ಬಲಿತು ಹೋಗ್ತಿದೆ' ಅಂದ. ಯಾರಿಗೆ ಅಂದ ಅಂತ ಗೊತ್ತಿಲ್ಲ. ನಾನು ಕಂಬಳಿ ಕೊಪ್ಪೆ ಹಾಕ್ಕೊಂಡು ಗದ್ದೆಗೆ ಇಳಿದೆ. ಅಷ್ಟೇ."

ಹಾಗಂತ ಇಬ್ಬರೂ ಒಂದೇ ಅಭಿಪ್ರಾಯಕ್ಕೆ ಬರಲಿಲ್ಲ. 1978ರ ನವೆಂಬರಲ್ಲಿ ಚಿಕ್ಕಮಗಳೂರಿನ ಉಪಚುನಾವಣೆ ಬಂತು. ಡಿ.ಬಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟು ಸೀಟು ಬಿಟ್ಟುಕೊಟ್ಟರು, ಇಂದಿರಾ ಗಾಂಧಿ ನಿಂತರು. ಎದುರಿಗೆ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು. ಜಾರ್ಜ್ ಫರ್ನಾಂಡಿಸ್ ಬಂದು ಪ್ರಚಾರದಲ್ಲಿ ಠಿಕಾಣಿ ಹೂಡಿದರು. ದೇಶದ ಪತ್ರಕರ್ತರೆಲ್ಲ ನಮ್ಮ ಘಾಟಿಯ ತಿರುವುಗಳಲ್ಲಿ. ದೊಡ್ಡಪ್ಪ ಪಾಟೀಲರ ಪರ ಮನೆಮನೆ ತಿರುಗಿದರು, ಸ್ವಂತ ಮನೆ ಒಂದು ಬಿಟ್ಟು. ಇಂದಿರಾ ಗಾಂಧಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಓಟಿನಿಂದ ಗೆದ್ದರು. ಡಿಸೆಂಬರಲ್ಲಿ ಲೋಕಸಭೆ ಅವರನ್ನ ಉಚ್ಚಾಟಿಸಿತು. 1979ರಲ್ಲಿ ಅರಸು ಅವರೇ ಇಂದಿರಾ ಗಾಂಧಿಯಿಂದ ದೂರವಾದರು. 1980ರಲ್ಲಿ ಇಂದಿರಾ ಮತ್ತೆ ಪ್ರಧಾನಿ. ಯಾರ ಪರ ದೊಡ್ಡಪ್ಪ ಮನೆಮನೆ ತಿರುಗಿದ್ದರೋ ಆ ವೀರೇಂದ್ರ ಪಾಟೀಲರು ಇಂದಿರಾ ಸಂಪುಟದಲ್ಲಿ ಮಂತ್ರಿ, 1989ರಲ್ಲಿ ಕಾಂಗ್ರೆಸ್ಸಿನ ಮುಖ್ಯಮಂತ್ರಿ.

"ಅವರೆಲ್ಲ ರಾಜಿ ಆದ್ರು. ನಾವು ಇನ್ನೂ ಜಗಳ ಆಡ್ತಾನೇ ಇದ್ವಿ," ಅಂತ ದೊಡ್ಡಪ್ಪ ನಕ್ಕರು.

ಆಮೇಲೆ ಒಂದು ಪ್ರಶ್ನೆ ಕೇಳಿದರು. ಅದಕ್ಕೇ ನಾನು ಈ ವಿಡಿಯೋ ಮಾಡ್ತಿರೋದು.

"ಅದಿರಲಿ, ನೀನು ಈ ಸಲ ಓಟು ಯಾರಿಗೆ ಹಾಕಿದೆ?"

ನಾನು ಓಟು ಹಾಕಿರಲಿಲ್ಲ. ನನ್ನ ಹೆಸರು ಇನ್ನೂ ಊರಿನ ಪಟ್ಟಿಯಲ್ಲೇ ಇದೆ. ನಮ್ಮ ಕ್ಷೇತ್ರದ ಮತದಾನ ಏಪ್ರಿಲ್ 26, ಶುಕ್ರವಾರ. ಆ ವಾರ ರಿಲೀಸ್ ಇತ್ತು, ಬಸ್ ಟಿಕೆಟ್ ದುಬಾರಿ ಆಗಿತ್ತು, ಮುಂದಿನ ಸಲ ನೋಡೋಣ ಅಂದ್ಕೊಂಡೆ. ಮೇ 13ಕ್ಕೆ ಪುಣೆಯಲ್ಲಿ ಓಟಿತ್ತು, ಇಲ್ಲಿ ಹೆಸರಿಲ್ಲ. 2019ರಲ್ಲೂ ಇದೇ ಕಥೆ. ಅಜ್ಜ ಓಟು ಹಾಕಿ ಸಿಟ್ಟು ಮಾಡಿಕೊಂಡರು, ದೊಡ್ಡಪ್ಪ ಜೈಲಿಗೆ ಹೋಗಿ ಬಂದು ಸಿಟ್ಟು ಮಾಡಿಕೊಂಡರು. ನಾನು ಎರಡೂ ಮಾಡದೆ, ಖರಾಡಿಯ ಎಸಿ ರೂಮಲ್ಲಿ ಕೂತು ಸ್ವಂತ ತಮ್ಮನಿಗೆ ಆ ಒಂದು ಸಾಲು ಬರೆದಿದ್ದೆ.

ದೊಡ್ಡಪ್ಪ ಏನೂ ಬೈಯಲಿಲ್ಲ. "ಓ" ಅಂದರು, ಎದ್ದು ಕೊಟ್ಟಿಗೆ ಕಡೆ ಹೋದರು. ಬೈದಿದ್ದರೆ ವಾಸಿ ಇತ್ತು.

ಇದನ್ನೆಲ್ಲ ಕೇಳಿದ ಮೇಲೆ ನನ್ನ ರಾಜಕೀಯ ಅಭಿಪ್ರಾಯ ಬದಲಾಗಿಲ್ಲ. ತುರ್ತು ಪರಿಸ್ಥಿತಿ ತಪ್ಪು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ, ಆ ಬೆರಳು ನೋಡಿದ ಮೇಲಂತೂ ಇಲ್ಲವೇ ಇಲ್ಲ. ಅದೇ ವರ್ಷ ನಮ್ಮ ಮನೆಗೆ ಗದ್ದೆ ಬಂತು, ಆ ಗದ್ದೆಯ ದುಡ್ಡಲ್ಲಿ ಅಪ್ಪ ಓದಿದರು, ಅಪ್ಪನ ಸಂಬಳದಲ್ಲಿ ನಾನು ಇಂಜಿನಿಯರಿಂಗ್ ಮಾಡಿದೆ. ಇದೂ ಸುಳ್ಳಲ್ಲ. ಫಾರ್ವರ್ಡ್ ಮೆಸೇಜಲ್ಲಿ ಇವೆರಡರಲ್ಲಿ ಒಂದಕ್ಕೆ ಮಾತ್ರ ಜಾಗ ಇರುತ್ತೆ. ನಮ್ಮನೆಯ ಒಂದೇ ಜಗಲಿಯಲ್ಲಿ ಎರಡೂ ಇದ್ದವು, ಮಾತು ಬಿಟ್ಟುಕೊಂಡಾದರೂ ಇದ್ದವು.

ಎದುರು ಕಡೆ ಓಟು ಹಾಕಿದವನನ್ನ ಮೂರ್ಖ ಅನ್ನೋ ಮುಂಚೆ, ಅವನ ಮನೆಗೆ ಯಾವ ಫಾರಂ ಬಂದಿತ್ತು, ಅವನ ಮನೆಯವರ ಯಾವ ಬೆರಳು ಮಡಚಲ್ಲ ಅಂತ ಕೇಳಬೇಕು ಅಂತ ಈಗ ಅನ್ನಿಸುತ್ತೆ. ಕೇಳಿದ ಮೇಲೂ ಒಪ್ಪಬೇಕಿಲ್ಲ. ದೊಡ್ಡಪ್ಪ ಕೊನೆವರೆಗೂ ಅಜ್ಜನನ್ನ ಒಪ್ಪಲಿಲ್ಲ.

ವಾಪಸ್ ಬರುವಾಗ ಬಸ್ಸಿಂದ ತಮ್ಮನಿಗೆ ಫೋನ್ ಮಾಡಿದೆ. ಮೊದಲ ಸಲ ಎತ್ತಲಿಲ್ಲ. ರಾತ್ರಿ ಅವನೇ ಮಾಡಿದ. ರಾಜಕೀಯ ಮಾತಾಡಲಿಲ್ಲ. ದೊಡ್ಡಪ್ಪನ ಬೆರಳಿನ ಕಥೆ ಹೇಳಿದೆ. ಅವನೂ ಅಡಿಕೆ ಮರ ಅಂತಲೇ ಅಂದ್ಕೊಂಡಿದ್ದ. ಗ್ರೂಪಿಗೆ ಅವನು ಇನ್ನೂ ಸೇರಿಲ್ಲ. ಸೇರು ಅಂತ ನಾನೂ ಹೇಳಿಲ್ಲ. ಸಂಕ್ರಾಂತಿಗೆ ಇಬ್ಬರೂ ಊರಿಗೆ ಹೋದ್ವಿ.

ಇನ್ನೊಂದು ಕೆಲಸ ಮಾಡಿದೆ. ವಿಳಾಸ ಬದಲಾವಣೆಗೆ ಚುನಾವಣಾ ಆಯೋಗದ್ದು ಒಂದು ಅರ್ಜಿ ಇದೆ, ಫಾರಂ 8. ಮೊಬೈಲಲ್ಲೇ ತುಂಬಬಹುದು. ಹನ್ನೊಂದು ವರ್ಷದಲ್ಲಿ ನನಗೆ ಅದಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲ. ನಿಮ್ಮಲ್ಲೂ ಹೈದರಾಬಾದ್, ಚೆನ್ನೈ, ನೋಯ್ಡಾ ಅಂತ ಇದ್ದುಕೊಂಡು, ಹೆಸರು ಮಾತ್ರ ಹಾಸನದಲ್ಲೋ ಹಾವೇರಿಯಲ್ಲೋ ಬಿಟ್ಟಿರೋರು ಬಹಳ ಜನ ಇದ್ದೀರಿ, ನನಗೆ ಗೊತ್ತು. ಊರಿಗೆ ಹೋಗಿ ಓಟು ಹಾಕೋಕೆ ಆಗುತ್ತೆ ಅಂದರೆ ಅಲ್ಲೇ ಇರಲಿ. ಆಗಲ್ಲ ಅಂದರೆ ತುಂಬಿಬಿಡಿ. ನಮ್ಮಜ್ಜ ಹೆಬ್ಬೆಟ್ಟು ಒತ್ತಿ ಫಾರಂ 7 ಕೊಡೋಕೆ ತಾಲ್ಲೂಕು ಕಚೇರಿವರೆಗೆ ನಡೆದು ಹೋಗಿದ್ದರು. ನಮಗೆ ಅಷ್ಟು ಕಷ್ಟ ಇಲ್ಲ.

ಮನೇಲಿ ಹಿರಿಯರಿದ್ದರೆ, 1977ರಲ್ಲಿ ಯಾವ ಗುರುತಿಗೆ ಒತ್ತಿದಿರಿ, ಯಾಕೆ ಒತ್ತಿದಿರಿ ಅಂತ ಒಂದು ಸಲ ಕೇಳಿ ನೋಡಿ. ಬೇಗ ಕೇಳಿ. ಆಗ ಮೊದಲ ಓಟು ಹಾಕಿದವರಿಗೂ ಈಗ ಎಪ್ಪತ್ತರ ಹತ್ತಿರ ವಯಸ್ಸು.