ನಾಲ್ಕು ಕೆಲಸ ಒಟ್ಟಿಗೆ ಬಿಟ್ರೆ ಬೇಗ ಮುಗೀತದಾ?

ಬೀದರ್‌ನಿಂದ ಭಾಲ್ಕಿಗೊಂದು, ಔರಾದಿಗೊಂದು ಪಾರ್ಸೆಲ್ ಮುಟ್ಟಿಸಬೇಕು ಅಂತಿಟ್ಕೊಳ್ಳಿ. ಒಂದೇ ಬೈಕಿದ್ರೆ ಭಾಲ್ಕಿಗೆ ಹೋಗಿ ಬಂದು, ಆಮೇಲೆ ಔರಾದ್. ಎರಡು ಬೈಕಿದ್ರೆ ಎರಡೂ ಒಟ್ಟಿಗೆ ಹೊರಡ್ತವೆ. ಆದ್ರೆ ಎರಡೂ ಪಾರ್ಸೆಲ್ ಗೋದಾಮಿನ ಒಂದೇ ಕಿಂಡಿಯಿಂದ ಬರಬೇಕಿದ್ರೆ? ನಾನು ಎಡವಿದ್ದು ಅಲ್ಲೇ.

ಭಾಲ್ಕಿಯ ಒಂದು ಮದುವೆ ಫೋಟೋಗಳು ನನ್ನ ಹತ್ರ ಇದ್ವು. ಹೊಸ ಡಿಸ್ಕಿಗೆ ನಕಲು ಮಾಡಿದ್ದೆ. ಹಳೇದನ್ನು ಅಳಿಸೋ ಮೊದಲು ಪ್ರತಿ ಫೈಲೂ ಸರಿಯಿದೆಯಾ ಅಂತ ಲಿನಕ್ಸಿನ ಎಸ್‌ಎಚ್‌ಎ256ಸಮ್‌ನಿಂದ ಪರೀಕ್ಷೆ ಮಾಡಬೇಕಿತ್ತು. ಮೊದಲು ಒಂದಾದ ಮೇಲೊಂದು ಓಡಿಸಿದೆ. ಆಮೇಲೆ ಎಕ್ಸ್‌ಆರ್ಗ್ಸ್‌ಗೆ ಮೈನಸ್ ಕ್ಯಾಪಿಟಲ್ ಪಿ 4 ಕೊಟ್ಟು ನಾಲ್ಕುನಾಲ್ಕು ಒಟ್ಟಿಗೆ. ಅರ್ಧಕ್ಕಿಂತ ಕಡಿಮೆ ಹೊತ್ತು! ಖುಷಿಯಾಗಿ ಔರಾದಿನಲ್ಲಿ ಫೋಟೋ ಸ್ಟುಡಿಯೋ ನಡೆಸೋ ತಮ್ಮನಿಗೂ ಅದೇ ಸಾಲು ಕಳಿಸಿದೆ.

ರಾತ್ರಿ ಅವನ ಫೋನ್. "ಅಣ್ಣಾ, ಮೊದಲಿಗಿಂತ ಸ್ಲೋ ಆಗ್ಯಾದ. ಚೆಕ್ ಬ್ಯಾಡ, ಹಳೇದು ಅಳಿಸಿಬಿಡ್ತೀನಿ." ನನ್ನ ಎದೆ ಧಸಕ್ಕಂತು. "ಮುಟ್ಟಬ್ಯಾಡ, ತಡಿ" ಅಂದೆ.

ತಪ್ಪು ನನ್ನದೇ. ಒಮ್ಮೆ ಓದಿದ ಫೈಲನ್ನು ಲಿನಕ್ಸ್ ಖಾಲಿ ರ‍್ಯಾಮಿನಲ್ಲಿ ಇಟ್ಕೊಂಡಿರುತ್ತೆ, ಅದೇ ಪೇಜ್ ಕ್ಯಾಶ್. ನನ್ನ ಎರಡನೇ ಓಟ ಡಿಸ್ಕನ್ನು ಮುಟ್ಟಿರಲೇ ಇಲ್ಲ! ಅವನದು ತಿರುಗೋ ಹಳೇ ಹಾರ್ಡ್ ಡಿಸ್ಕ್, ಅದಕ್ಕೆ ಓದೋ ಮುಳ್ಳು ಒಂದೇ ಕಡೆ ಇರೋಕಾಗುತ್ತೆ. ನಾಲ್ಕು ಜನ ಒಟ್ಟಿಗೆ ಕರೆದ್ರೆ ಓಡಾಟದಲ್ಲೇ ಹೊತ್ತು ಹೋಗುತ್ತೆ.

ಹಾಗಾಗಿ ಈಗ ಪ್ರತಿ ಓಟಕ್ಕೂ ಮೊದಲು ಯಂತ್ರವನ್ನು ರೀಬೂಟ್ ಮಾಡ್ತೀನಿ. ಯಾವುದು ಮೊದಲು ಅನ್ನೋದನ್ನು ಅದಲುಬದಲು ಮಾಡ್ತೀನಿ. ಐದು ಸಲ ಓಡಿಸಿ ನಡುವಿನ ಅಂಕಿ ತಗೋತೀನಿ. ಬೇಜಾರಿನ ಕೆಲಸ, ನಿಜ. ಟೈಮ್ ಕಮಾಂಡ್ ಮೂರು ಸಾಲು ತೋರಿಸುತ್ತೆ: ರಿಯಲ್ ಅಂದ್ರೆ ಗೋಡೆ ಗಡಿಯಾರದ ಹೊತ್ತು, ಯೂಸರ್ ಮತ್ತು ಸಿಸ್ ಅಂದ್ರೆ ಪ್ರೊಸೆಸರ್ ದುಡಿದ ಹೊತ್ತು. ಆ ಎರಡರ ಮೊತ್ತಕ್ಕಿಂತ ರಿಯಲ್ ತುಂಬಾ ದೊಡ್ಡದಿದ್ರೆ ಪ್ರೊಸೆಸರ್ ಸುಮ್ನೆ ಕಾಯ್ತಿದೆ ಅಂತ. ತಿರುಗೋ ಡಿಸ್ಕಿಗಾಗಿ ಕಾಯ್ತಿದ್ರೆ ಆಗ ಕೆಲಸ ಹೆಚ್ಚು ಮಾಡಿ ಪ್ರಯೋಜನವಿಲ್ಲ.

ಡಿಸ್ಕ್ ಅಡ್ಡಿಯಾಗದಿದ್ರೂ ಮಿತಿ ಇದೆ. ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ್ರು: ಕೆಲಸದ ಹತ್ತರಲ್ಲೊಂದು ಪಾಲು ಹಂಚೋಕಾಗದಿದ್ರೆ, ನಾಲ್ಕು ಕೋರ್ ಇದ್ರೂ ವೇಗ ಸಿಗೋದು ಸುಮಾರು 3 ಪಟ್ಟು ಮಾತ್ರ.

ತಮ್ಮನಿಗೆ ಆ ರಾತ್ರಿ ಪಿ 1 ಅಂತ ತಿದ್ದಿ ಕಳಿಸಿದೆ. ಬೆಳಿಗ್ಗೆ ಮೆಸೇಜ್ ಬಂತು: ಎರಡು ಫೈಲ್ ಹೊಂದಿಕೆಯಾಗಿಲ್ಲ. ಹಳೇ ಡಿಸ್ಕ್ ಇನ್ನೂ ಇತ್ತು, ಅದರಿಂದ ಮತ್ತೆ ನಕಲು ಮಾಡಿಕೊಂಡ.